ಪ್ರೇಕ್ಷಕರು: ಹದಿನೈದರಿಂದ ಇಪ್ಪತ್ತೈದು

ಬೆಟಗೇರಿ
ಎರಡನೆಯ ವೈಶಾಖದ ಮೂವತ್ತನಾಲ್ಕನೆಯ ದಿನ, ೨೧೫೪

ಕ್ರಮಸಂಖ್ಯೆ ನಲವತ್ತಮೂರು ಅವರಿಗೆ,

ನಿಮ್ಮನ್ನು ಹೆಸರಿನಿಂದ ಕರೆಯಬೇಕೆಂದಿದ್ದೆ. ಆದರೆ ನಿಮ್ಮ ಹಾಳೆಯ ಎಡಮೂಲೆ ಹರಿದುಹೋಗಿ ಹೆಸರು ಅದರೊಡನೆ ಹೋಗಿದೆ. ಉಳಿದಿರುವುದು ಕ್ರಮಸಂಖ್ಯೆ ಮಾತ್ರ. ಮೇಲಿನ ತಾರೀಖನ್ನು ನೋಡಿ ನಾನು ಬುದ್ಧಿ ಕೆಟ್ಟವನೆಂದು ತಿಳಿಯಬೇಡಿ. ಬೇಸಿಗೆ ಮುಗಿಯದೆ ಹೋದಾಗ ನಮ್ಮ ಪಂಚಾಂಗದವರು ವೈಶಾಖವನ್ನು ಎರಡು ಸಲ ಇಟ್ಟರು, ಒಂದೊಂದಕ್ಕೂ ನಲವತ್ತು ದಿನ. ನನ್ನ ಭಾಷೆ ಅಲ್ಲಲ್ಲಿ ನಿಮಗೆ ಅಪರಿಚಿತವಾಗಿ ಕಂಡರೆ ಸಹಿಸಿಕೊಳ್ಳಿ. ನಾನು ನಲವತ್ತೊಂದು ವರ್ಷ ಗದಗಿನ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ನಿಮ್ಮ ಕಾಲದವರು ಬರೆದದ್ದನ್ನು ಓದಿ ಬೆಳೆದಿದ್ದೇನೆ. ಆದರೂ ಓದಿದ ಹಾಗೆ ಬರೆಯಲು ಬರುವುದಿಲ್ಲ.

ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ನಮ್ಮಲ್ಲಿ ಒಂದು ಹಿಂಬರಹ ಕೊಡುತ್ತಾರೆ. ಹಿಂಬರಹ ಎಂದರೆ ಕಳೆದ ಕಾಲಕ್ಕೆ ಬರೆಯುವ ಪತ್ರ. ನಾಲ್ಕು ಹಾಳೆ, ಒಂದೇ ಸಲ. ಅದು ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಮೂರು ವರ್ಷ ಅದನ್ನು ಬಳಸಲಿಲ್ಲ, ಬಳಸಿದವರನ್ನು ನೋಡಿ ನಕ್ಕೆ. ಸತ್ತ ಅಪ್ಪನಿಗೆ ಔಷಧಿಯ ಹೆಸರು ಬರೆದವರಿದ್ದಾರೆ. ಹಳೆಯ ಪ್ರೇಯಸಿಗೆ ಕ್ಷಮೆ ಕೇಳಿದವರಿದ್ದಾರೆ. ನಾನು ಒಬ್ಬ ಅಪರಿಚಿತ ವಿದ್ಯಾರ್ಥಿಗೆ ಒಂದು ಸಾಲು ತಿದ್ದಲು ಬರೆಯುತ್ತಿದ್ದೇನೆ. ಕೆಲಸದ ಚಾಳಿ ಎನ್ನಿ.

ಮೊದಲು ನಿಮ್ಮ ಹಾಳೆ ನಮ್ಮನ್ನು ಹೇಗೆ ಆಳುತ್ತಿದೆ ಎಂದು ಹೇಳಬೇಕು. ನೀವು ಕಾಲೇಜಿಗಾಗಿ ಒಂದು ಅಸೈನ್‌ಮೆಂಟ್ ಬರೆದಿರಿ: ಮಹಿಳೆಯರ ಸೋಲ್ ಸಂಗೀತದ ವಿಡಿಯೋಗಳಲ್ಲಿ ಕಥನ, ಪ್ರೇಕ್ಷಕರು, ಪ್ರಕಾರ. ಮೂರು ಕಾಲಂ ಹಾಕಿ, ಸ್ಕೇಲಿನಿಂದ ಗೆರೆ ಎಳೆದು, ನೀಲಿ ಪೆನ್ನಿನಲ್ಲಿ ಬರೆದಿದ್ದೀರಿ. ಅಕ್ಷರ ಚೆನ್ನಾಗಿದೆ. ನಾನು ಹುಟ್ಟುವ ಮೊದಲು, ನಾವು ದೊಡ್ಡ ಅಳಿಕೆ ಎಂದು ಕರೆಯುವ ವರ್ಷದಲ್ಲಿ, ನೀವೆಲ್ಲ ಯಂತ್ರಗಳಲ್ಲಿ ಇಟ್ಟಿದ್ದ ಬರಹ ಹನ್ನೊಂದು ವಾರಗಳಲ್ಲಿ ಇಲ್ಲವಾಯಿತು. ಕೆಲವು ಚಿತ್ರ, ಕೆಲವು ದನಿ ಉಳಿದವು. ಅವು ಯಾರವು, ಏಕೆ ಎಂಬ ವಿವರ ಉಳಿಯಲಿಲ್ಲ. ಕಾಗದ ಮಾತ್ರ ಉಳಿಯಿತು. ಅಂದಿನಿಂದ ನಮ್ಮ ಜನಕ್ಕೆ ಕಾಗದದ ಮೇಲೆ ಭಕ್ತಿ. ಉಳಿದದ್ದರಿಂದಲೇ ಅದು ಸತ್ಯ ಎಂದು ನಂಬಿದರು. ದಿನಸಿ ಚೀಟಿ, ಬಸ್ಸಿನ ಟಿಕೇಟು, ಮದುವೆಯ ಕರೆಯೋಲೆ, ಎಲ್ಲವನ್ನೂ ಗಾಜಿನೊಳಗಿಟ್ಟರು. ಅಳಿಕೆಯನ್ನು ದಾಟಿ ಬಂದ ಕಾಗದವನ್ನು ಮೂಲ ಎನ್ನುತ್ತೇವೆ; ಆಮೇಲೆ ಬರೆದದ್ದು ಮೂಲವಾಗಲು ನೂರು ವರ್ಷ ಬೇಕು. ಮೂಲಕ್ಕೆ ಯಾರೂ ಎದುರಾಡುವುದಿಲ್ಲ.

ಹಾಡುಗಳನ್ನು ಕಾಪಾಡಲು ಊರೂರಿಗೆ ದನಿಕಣಜ ಕಟ್ಟಿದಾಗ, ಅವನ್ನು ಹೇಗೆ ವಿಂಗಡಿಸುವುದೆಂಬ ಪ್ರಶ್ನೆ ಬಂತು. ಯಾವುದೋ ಕಾಲೇಜಿನ ಕಬ್ಬಿಣದ ಕಪಾಟಿನಲ್ಲಿ ನಿಮ್ಮ ಹಾಳೆ ಸಿಕ್ಕಿತು. ಅದರ ಮೇಲೆ ಕೆಂಪು ಶಾಯಿಯ ಗುರುತಿತ್ತು. ನಿಮ್ಮ ಮೇಷ್ಟ್ರು ಹಾಕಿದ ರೈಟು. ನಮ್ಮ ಹಿರಿಯರು ಅದನ್ನು ಸರ್ಕಾರದ ಮುದ್ರೆ ಎಂದುಕೊಂಡರು. ಹತ್ತಕ್ಕೆ ಏಳು ಎಂದಿತ್ತು; ಅಂದಿನಿಂದ ನಮ್ಮಲ್ಲಿ ಪ್ರತಿ ಹಾಡಿಗೂ ಹತ್ತರಲ್ಲಿ ಅಂಕ. ಕೆಳಗೆ, "ಚೆನ್ನಾಗಿದೆ. ಪ್ರೇಕ್ಷಕರು ಯಾರೆಂಬುದನ್ನು ಇನ್ನಷ್ಟು ಖಚಿತಪಡಿಸಬೇಕು" ಎಂದು ಬರೆದಿತ್ತು. ಇದನ್ನು ಅವರು ಆಜ್ಞೆ ಎಂದು ಓದಿದರು. ಖಚಿತಪಡಿಸಿದರು. ಪ್ರೇಕ್ಷಕರು ಎಂಬ ಕಾಲಂನಲ್ಲಿ ನೀವು "ಹದಿನೈದರಿಂದ ಇಪ್ಪತ್ತೈದು ವಯಸ್ಸಿನ, ನಗರದಲ್ಲಿ ವಾಸಿಸುವ ಹೆಣ್ಣುಮಕ್ಕಳು" ಎಂದು ಬರೆದಿದ್ದಿರಿ. ಹೆಚ್ಚಾಗಿ ಯಾರು ನೋಡುತ್ತಾರೆ ಎಂದು ನೀವು ಊಹಿಸಿದ್ದಿರಿ, ಅಷ್ಟೇ. ನಮ್ಮಲ್ಲಿ ಅದು ಯಾರು ನೋಡಬಹುದು ಎಂಬ ಕಾಯಿದೆಯಾಯಿತು. ಅರವತ್ತೆರಡು ವರ್ಷಗಳಿಂದ, ಕಣಜದ ನೋಟದ ಕೋಣೆಯ ಬಾಗಿಲು ಪ್ರತಿಯೊಬ್ಬರೂ ತೊಡುವ ಗುರುತಿನ ಕೈಬಳೆಯಲ್ಲಿನ ವಯಸ್ಸನ್ನು ಓದಿ ತೆರೆಯುತ್ತದೆ, ಇಲ್ಲವೇ ತೆರೆಯುವುದಿಲ್ಲ.

ನೀವು ಬರೆದ ವಿಡಿಯೋಗಳಲ್ಲಿ ನಮ್ಮೂರಿನದೊಂದಿದೆ. ಹಾಡಿದವಳು ಯೂನಿಸ್ ಹಂಚಿನಮನಿ. ಬೆಟಗೇರಿಯ ಮಿಶನ್ ಚರ್ಚಿನ ಗಾಯನ ತಂಡದಲ್ಲಿ ಬೆಳೆದವಳು. ಅಲ್ಲಿಯ ಕೀರ್ತನೆಗಳನ್ನು ಎಳೆದು ಹಾಡುವ ರೀತಿಯನ್ನೂ ಚಪ್ಪಾಳೆಯನ್ನೂ ಕಡಲಾಚೆಯ ಕಪ್ಪು ಹೆಣ್ಣುಮಕ್ಕಳಿಂದ ಕಲಿತ, ಆತ್ಮ ಎಂಬ ಅರ್ಥದ ಸೋಲ್ ಗಾಯನಕ್ಕೆ ಬೆರೆಸಿ, ನಮ್ಮ ಸೀಮೆಯ ಮಾತಿನಲ್ಲಿ "ನಾ ಕುಂತಲ್ಲೇ ಕುಂದರತೀನಿ" ಎಂದು ಹಾಡಿದಳು. ಸಮಾರಂಭವೊಂದರ ಮುಂದಿನ ಸಾಲಿನ ಕುರ್ಚಿಯಲ್ಲಿ ಅವಳು ಕುಳಿತಿದ್ದಾಳೆ. ಪಕ್ಕದ ಕುರ್ಚಿ ಖಾಲಿ. ಹಾಡು ಮುಗಿಯುವತನಕ ಅವಳು ಏಳುವುದಿಲ್ಲ. ಕಥನ ಎಂಬ ಕಾಲಂನಲ್ಲಿ ನೀವು ಹೀಗೆ ಬರೆದಿದ್ದೀರಿ: "ಪ್ರಿಯಕರನಿಗಾಗಿ ಕಾಯುತ್ತಿರುವ ದುಃಖಿತ ಹೆಣ್ಣು." ಪ್ರಕಾರ: "ಸೋಲ್, ಅಂದರೆ ನೋವಿನ ಹಾಡು." ಆದ್ದರಿಂದ ನಮ್ಮ ನೋಟದ ಕೋಣೆಯಲ್ಲಿ ಆ ವಿಡಿಯೋ ಹಾಕಿದಾಗ ದೀಪ ಮಂಕು ಮಾಡುತ್ತಾರೆ. ಚಪ್ಪಾಳೆ ತಟ್ಟಿದರೆ ಹೊರಗೆ ಕಳಿಸುತ್ತಾರೆ.

ನಾನು ಅದನ್ನು ನೋಡಿದ್ದೇನೆ, ಒಂದೇ ಸಲ. ಕಾಯಿದೆ ಬರುವ ಎರಡು ವರ್ಷ ಮೊದಲು, ನನಗೆ ಒಂಬತ್ತಿರುವಾಗ, ನೆರಳುನೇಯ್ಗೆಯವರ ಸಂಘದ ಹಾಲ್‌ನಲ್ಲಿ. ನೆರಳುನೇಯ್ಗೆ ಎಂದರೆ ಬೀದಿಗಳ ಮೇಲೆ ಹಾಸುವ ದಪ್ಪ ಬಟ್ಟೆ; ಬೆಟಗೇರಿಯ ಮಗ್ಗಗಳೆಲ್ಲ ಈಗ ಅದನ್ನೇ ನೇಯುತ್ತವೆ, ಅದಿಲ್ಲದೆ ನಮ್ಮಲ್ಲಿ ಹತ್ತು ಗಂಟೆಯ ಮೇಲೆ ಯಾರೂ ನಡೆದಾಡಲಾರರು. ಹಾಲ್ ತುಂಬ ಎಲ್ಲ ವಯಸ್ಸಿನವರಿದ್ದರು. ನನಗೆ ನೆನಪಿರುವುದು ಹೇಳುತ್ತೇನೆ. ಅವಳು ಒಂದು ಸಾಲು ಹಾಡಿ, ಚರ್ಚಿನ ಕೀರ್ತನೆಯಲ್ಲಿ ಮಾಡುವಂತೆ, ಸಭೆಯ ಉತ್ತರಕ್ಕಾಗಿ ನಿಲ್ಲುತ್ತಾಳೆ. ಹಿಂದಿನ ಸಾಲುಗಳ ಹೆಂಗಸರು ಉತ್ತರ ಕೊಡುವುದಿಲ್ಲ, ಮುಖ ತಗ್ಗಿಸುತ್ತಾರೆ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಯಾರೋ ಒಬ್ಬಳು ಸಣ್ಣಗೆ ಉತ್ತರಿಸುತ್ತಾಳೆ, ಆಮೇಲೆ ಇನ್ನೊಬ್ಬಳು. ಆ ವೇಳೆಗೆ ಹಾಲ್‌ನಲ್ಲಿದ್ದವರು, ನನ್ನ ಅವ್ವನೂ ಸೇರಿ, ಜೋರಾಗಿ ಉತ್ತರಿಸುತ್ತಿದ್ದರು. ಅದು ಕಥೆ, ಕ್ರಮಸಂಖ್ಯೆ ನಲವತ್ತಮೂರು. ಯಾವ ಪ್ರಿಯಕರನೂ ಅದರಲ್ಲಿಲ್ಲ. ಖಾಲಿ ಕುರ್ಚಿ ಬರಬೇಕಾದ ಗಂಡಸಿಗಾಗಿ ಅಲ್ಲ, ಹಿಂದಿನ ಸಾಲಿನಿಂದ ಎದ್ದು ಬರುವ ಹೆಂಗಸಿಗಾಗಿ.

ಇನ್ನೊಂದು ಮಾತು. ಅವಳಿಗೆ ಏಳಲು ಹೇಳುವವರು ಯಾರೂ ಚಿತ್ರದಲ್ಲಿ ಕಾಣುವುದಿಲ್ಲ. ಅವಳು ನೇರವಾಗಿ ಕ್ಯಾಮೆರಾವನ್ನು ನೋಡಿ, ನಾ ಏಳೂದಿಲ್ಲ ಅನ್ನುತ್ತಾಳೆ. ಕ್ಯಾಮೆರಾ ನಿಂತಿರುವುದು ಗಂಡಸರಿಗೆ ಮೀಸಲಾದ ಕುರ್ಚಿ ಬಿಡಿಸಲು ಬಂದ ವ್ಯವಸ್ಥಾಪಕನ ಜಾಗದಲ್ಲಿ. ನೋಡುವವರು ಯಾರೇ ಆಗಲಿ, ಆ ನಾಲ್ಕು ನಿಮಿಷ ಅವಳಿಗೆ ಏಳು ಎನ್ನುತ್ತಿರುವವರು ಅವರೇ. ಒಂಬತ್ತು ವರ್ಷದ ನನಗೆ ನಾಚಿಕೆಯಾಗಿತ್ತು. ಏಕೆಂದು ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಆ ಹಾಡು ಯಾರಿಗೆ ಇಷ್ಟವಾದೀತೆಂದು ನೀವು ಬರೆದಿರಿ. ಯಾರನ್ನು ನೋಡಿ ಹಾಡಿದ್ದೆಂದು ಬರೆಯಲಿಲ್ಲ. ಗಂಡಸರು, ಹಿರಿಯರು, ಸಭೆ ನಡೆಸುವವರು, ಯಾರು ಅದನ್ನು ಕೇಳಿಸಿಕೊಳ್ಳಬೇಕಿತ್ತೋ ಅವರೆಲ್ಲರನ್ನೂ ನಿಮ್ಮ ಒಂದು ಸಾಲು ಅರವತ್ತೆರಡು ವರ್ಷ ಹೊರಗಿಟ್ಟಿದೆ. ಹೊರಗಿದ್ದು ಅವರಿಗೆ ಹಾಯಾಗಿಯೇ ಇದೆ.

ಇಷ್ಟೇ ಆಗಿದ್ದರೆ ನಾನು ಪೇಪರಿಗೊಂದು ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಅಂಥವು ಇನ್ನೂರಕ್ಕೂ ಹೆಚ್ಚು ಬರೆದಿದ್ದೇನೆ. ವಿಷಯ ನನ್ನ ನೆರೆಮನೆಯ ಮಾರ್ಥವ್ವಳದು. ಅವಳಿಗೆ ಅರವತ್ತೊಂಬತ್ತು. ಯೂನಿಸ್ ಅವಳ ಮುತ್ತಜ್ಜಿ. ಮನೆಯಲ್ಲಿ ಫೋಟೋ ಇಲ್ಲ, ಅಳಿಕೆಯಲ್ಲಿ ಹೋದವು. ಮುತ್ತಜ್ಜಿಯ ಮುಖ ಈ ಭೂಮಿಯ ಮೇಲೆ ಉಳಿದಿರುವುದು ಆ ವಿಡಿಯೋದಲ್ಲಿ ಮಾತ್ರ. ಮಾರ್ಥವ್ವ ಹುಟ್ಟಿ ಬೆಳೆದದ್ದು ಲಕ್ಕುಂಡಿಯಲ್ಲಿ. ನಗರವಾಸಿಯಲ್ಲವೆಂದು ಹರೆಯದಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದಾಗ ಅವಳಿಗೆ ಇಪ್ಪತ್ತಾರು. ವಯಸ್ಸು ಮೀರಿದೆ ಎಂದರು. ಈಗ ಅವಳ ಕಣ್ಣಿನ ನರ ಒಣಗುತ್ತಿದೆ. ದೀಪಾವಳಿಯತನಕ ಮಬ್ಬಾಗಿಯಾದರೂ ಕಾಣಿಸೀತು, ಆಮೇಲೆ ಹೇಳಲಾರೆ ಎಂದು ಡಾಕ್ಟರು ಹೇಳಿದ್ದಾರೆ.

ಕಳೆದ ತಿಂಗಳು ಅವಳ ಅರ್ಜಿ ಕಣಜದ ಮಂಡಳಿಯ ಮುಂದೆ ಬಂತು. ನಾನೂ ಸಾಕ್ಷಿಯಾಗಿ ಹೋಗಿದ್ದೆ. ಅಧ್ಯಕ್ಷ ಅಡಿವೆಪ್ಪ ಸಂಶಿ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಕೈಯಲ್ಲಿ ಕಾಯಿದೆ ಇನ್ನೂ ಕಷ್ಟ. ನಿಮ್ಮ ಹಾಳೆಯ ನಕಲಿಗೆ ಕೈಮುಗಿದು ಕುಳಿತ.

"ನೋಡ್ರಿ ಮಾರ್ಥವ್ವಾರ, ನಿಮ್ಮ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ಮೂಲದಾಗ ಹದಿನೈದರಿಂದ ಇಪ್ಪತ್ತೈದು ಅಂತ ಐತಿ. ನಿಮಗೆಷ್ಟರೀ?"

"ನಿಮ್ಮವ್ವಗಿಂತ ಎರಡ ಕಡಿಮಿ. ಆಕೀನ ಕೇಳ್ರಿ."

ಸಭೆ ನಕ್ಕಿತು. ಅಡಿವೆಪ್ಪನೂ ನಕ್ಕ. "ಅದೆಲ್ಲಾ ಇರಲಿ ಬೇ ಯಕ್ಕಾ. ನೀವು ಪ್ರೇಕ್ಷಕರಾಗಿ ಬಂದೀರೋ, ಮರಿಮೊಮ್ಮಗಳಾಗಿ ಬಂದೀರೋ? ಮರಿಮೊಮ್ಮಗಳು ಅಂತ ಕಾಲಂ ಇಲ್ರೀ."

"ನನಗ ಎರಡು ಕಣ್ಣದಾವಲ್ಲ, ಒಂದಕ್ಕ ಒಂದು ಬರಕೋರಿ. ಲಗೂನ ಬರಕೋರಿ, ಎರಡೂ ಹೊಂಟಾವ."

ಆಗ ಯಾರೂ ನಗಲಿಲ್ಲ. ನಾನು ಎದ್ದು, ಒಂಬತ್ತನೆಯ ವಯಸ್ಸಿನಲ್ಲಿ ನೋಡಿದ್ದನ್ನು ಹೇಳಿದೆ. ಹಾಲ್ ತುಂಬ ಎಲ್ಲರೂ ಇದ್ದರು, ಅವಳು ಅಳುತ್ತಿರಲಿಲ್ಲ ಎಂದೆ. ನೆನಪು ಕಾಗದವಲ್ಲ ಎಂದರು. ಬರೆದು ಕೊಡುತ್ತೇನೆ ಎಂದೆ. ಬರೆದು ಕೊಡಿ, ನೂರು ವರ್ಷವಾದ ಮೇಲೆ ತೆಗೆದುಕೊಳ್ಳುತ್ತೇವೆ ಎಂದರು. ಕೊನೆಗೆ ಅಡಿವೆಪ್ಪ ಮೆಲ್ಲಗೆ, ಮೂಲವನ್ನು ತಿದ್ದುವ ಅಧಿಕಾರ ಅದನ್ನು ಬರೆದ ಕೈಗೆ ಮಾತ್ರ ಇದೆ ಎಂಬ ನಿಯಮ ಓದಿ, ಅರ್ಜಿ ವಜಾ ಮಾಡಿದ. ಮನೆಗೆ ಬರುವಾಗ ನಾನು ದಾರಿಯುದ್ದಕ್ಕೂ ಬಯ್ಯುತ್ತಿದ್ದೆ. ಮಾರ್ಥವ್ವ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

ಕದ್ದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳುವಿರಿ. ಪ್ರೇಕ್ಷಕರಲ್ಲದವರು ನೋಡಿದ್ದು ಗೊತ್ತಾದರೆ ಐದು ವರ್ಷ ಆ ವಿಡಿಯೋಗೆ ಬೀಗ ಬೀಳುತ್ತದೆ, ಎಲ್ಲರಿಗೂ. ಮಾರ್ಥವ್ವ ಒಪ್ಪಲಿಲ್ಲ. "ನನ್ನ ಸಲುವಾಗಿ ಹುಡುಗ್ಯಾರಿಗೆ ಬಾಗಲಾ ಹಾಕಸ್ಲೇನು? ನೋಡವರು ನಾಕು ಮಂದ್ಯರ ಇರಲಿ" ಎಂದಳು.

ಕಣಜದಲ್ಲಿ ಜಬೀನ್ ಮುಳಗುಂದ ಎಂಬ ಗುಮಾಸ್ತೆ ಇದ್ದಾಳೆ, ಇಪ್ಪತ್ತನಾಲ್ಕು ವಯಸ್ಸು. ಸಭೆಯ ದಿನ ನಡಾವಳಿ ಬರೆದುಕೊಂಡವಳು ಅವಳೇ. ನೋಡಿದ್ದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕೆ ಅಡ್ಡಿಯಿಲ್ಲ ಎಂದು ಅವಳೇ ನಿಯಮ ಹುಡುಕಿ, ಎರಡು ದಿನ ಬಿಟ್ಟು ನಮ್ಮ ಕಟ್ಟೆಗೆ ಬಂದಳು. ಸಂಜೆ ಐದರ ಹೊತ್ತು. ಬಿಸಿಲಿಗೆ ಮುಚ್ಚಿದ ಬಾಗಿಲುಗಳನ್ನು ಎಲ್ಲರೂ ತೆರೆದು, ನವಣೆ ಅನ್ನಕ್ಕೆ ನೀರಿಡುವ ಸಮಯ. ಜಬೀನ್ ನೆಟ್ಟಗೆ ಕುಳಿತು ಶುರು ಮಾಡಿದಳು.

"ಒಂದನೇ ಶಾಟ್. ಹೆಣ್ಣು, ಕುರ್ಚಿ. ದೂರದಿಂದ. ಎರಡನೇ ಶಾಟ್, ಹತ್ತಿರದಿಂದ ಮುಖ, ನಾಕು ಸೆಕೆಂಡ್. ಮೂರನೇದು..."

"ಏನ್ ಯವ್ವಾ, ಸಂತಿ ಸಾಮಾನಿನ ಚೀಟಿ ಓದಾಕತ್ತಿಯಲ್ಲ" ಎಂದಳು ಮಾರ್ಥವ್ವ. "ಆಕೀ ಮಾರಿ ಹೆಂಗೈತಿ ಅದನ್ನ ಹೇಳು."

"ಮಾರಿ ಮ್ಯಾಲೆ ದುಃಖದ ಭಾವ ಅಂತ ಐತ್ರಿ."

"ಅಂತ ಐತಿ ಅಂದ್ರ? ನೀ ನೋಡೀಯೋ ಇಲ್ಲೋ?"

ಜಬೀನ್ ನೆಟ್ಟಗಿದ್ದ ಬೆನ್ನನ್ನು ಸಡಿಲಿಸಿದಳು. "ನೋಡೇನ್ರಿ ಅಜ್ಜಿ. ನೂರ ಸಲ ನೋಡೇನಿ. ಆದ್ರ ನೋಡೂಕಿಂತ ಮೊದಲ ಓದಿದ್ದೆ."

ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಮಕ್ಕಳಿಗೆಲ್ಲ ಹಾಗೆಯೇ ಕಲಿಸಿದ್ದೇವೆ. ಮೊದಲು ಕಾಲಂ, ಆಮೇಲೆ ಕಣ್ಣು. ಅವಳು ಎದ್ದು ಹೋದಳು. ಮರುದಿನ ಅದೇ ಹೊತ್ತಿಗೆ ಬಂದಾಗ ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಹೇಳಿದಳು.

"ಅಜ್ಜೀ, ಆಕೀ ಅಳಾಕತ್ತಿಲ್ರಿ. ನಗಿ ತಡಕೊಳ್ಳಾಕತ್ತಾಳ. ತುಟಿ ಹಿಂಗ ಒಳಗ ಕಚ್ಚಿ ಹಿಡದಾಳ, ನೋಡ್ರಿ. ಏಳು ಅಂದವನ ಮಾರಿ ನೋಡಿ ನಗಿ ಬಂದೈತಿ ಆಕೀಗೆ."

"ಹಂಗಾರ ನಮ್ಮಾಕೀನ ಖರೆ" ಎಂದಳು ಮಾರ್ಥವ್ವ. ಕೈಚಾಚಿ ಜಬೀನಳ ಮುಖ ಹುಡುಕಿ, ಆ ಕಚ್ಚಿದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಿಂಗ?" "ಹಿಂಗ ರೀ." ಆಮೇಲೆ ಮಾರ್ಥವ್ವ ಕೈ ತೆಗೆದುಕೊಂಡು ಹೇಳಿದ ಮಾತು ನನ್ನನ್ನು ಈ ಹಾಳೆಗಳ ಮುಂದೆ ತಂದು ಕೂರಿಸಿತು. "ನೀ ಭಾಳ ಚಲೋ ಹೇಳಿದಿ ಯವ್ವಾ. ಆದ್ರ ಇದು ನೀ ನೋಡಿದ್ದು. ನಾ ನೋಡಬೇಕಿತ್ತು."

ಮಾರನೆಯ ಬೆಳಿಗ್ಗೆ ಹೋಗಿ ನನ್ನ ಹಿಂಬರಹ ಕೇಳಿದೆ. ಹಾಳೆ ಕೊಟ್ಟ ಹೆಂಗಸು ಯಾರಿಗೆಂದು ಕೇಳಿದಳು. ಬರೆದ ಕೈಗೆ ಎಂದೆ.

ನನಗೆ ದಣಿವಾಗಿದೆ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿಲ್ಲ. ಸಿಟ್ಟು ಬರಬೇಕಾದದ್ದು ನಿಮ್ಮ ಮೇಲಲ್ಲ ಎಂಬುದೂ ತಿಳಿದಿದೆ. ನೀವು ಇಪ್ಪತ್ತು ವರ್ಷದವರು, ನಾಳೆ ಕೊಡಬೇಕಾದದ್ದನ್ನು ಇಂದು ಬರೆಯುತ್ತಿದ್ದೀರಿ. ಬಹುಶಃ ವಿಡಿಯೋವನ್ನು ಅರ್ಧ ನೋಡಿದ್ದೀರಿ. ಒಂದು ಸಾಲು ಬೇಕಿತ್ತು, ಬರೆದಿರಿ. ಓದಿದ ನಾವು ಮೂರ್ಖರಾದೆವು. ಒಂದು ಅಂದಾಜನ್ನು ಬೇಲಿ ಮಾಡಿಕೊಂಡೆವು. ಆದರೆ ನಮ್ಮವರನ್ನು ನಾನು ಐವತ್ತು ವರ್ಷ ಬೈದು ನೋಡಿದ್ದೇನೆ, ಅವರು ತಿದ್ದಿಕೊಳ್ಳುವವರಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಕೋರಿಕೆ ಇಷ್ಟೇ. ಪ್ರೇಕ್ಷಕರು ಎಂಬ ಕಾಲಂನಲ್ಲಿ ವಯಸ್ಸು ಹಾಕಬೇಡಿ. ಆಗಲೇ ಹಾಕಿದ್ದರೆ ಹೊಡೆದುಹಾಕಿ, ಮಗ್ಗುಲಲ್ಲಿ "ಯಾರು ಬೇಕಾದರೂ" ಎಂದು ಬರೆಯಿರಿ. ಕಥನದ ಸಾಲನ್ನು ಇನ್ನೊಮ್ಮೆ ನೋಡಿ ಬರೆದರೆ ಒಳ್ಳೆಯದು, ಬರೆಯದಿದ್ದರೂ ನಡೆದೀತು. ತಪ್ಪು ಕಥೆಯನ್ನು ನೋಡಿದವರು ಸರಿಮಾಡಿಕೊಳ್ಳುತ್ತಾರೆ, ನೋಡಲು ಬಿಟ್ಟರೆ. ಮೇಷ್ಟ್ರು ಒಪ್ಪಲಿಕ್ಕಿಲ್ಲ. ಖಚಿತವಾಗಿಲ್ಲ ಎಂದು ಒಂದು ಅಂಕ ಕಳೆದಾರು, ಏಳು ಆರಾದೀತು. ಆ ಒಂದು ಅಂಕವನ್ನು ನಮಗಾಗಿ ಬಿಟ್ಟುಕೊಡಿ. ನಿಮಗದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮರೆತುಹೋಗುವಂಥದು.

ನೀವು ಹಾಗೆ ಮಾಡಿದರೆ ನನಗೆ ಅದು ತಿಳಿಯುವುದಿಲ್ಲ. ಕಾಯಿದೆಯೇ ಇರುವುದಿಲ್ಲ, ಮಂಡಳಿಯ ಸಭೆ ನಡೆದಿರುವುದಿಲ್ಲ, ನಾನು ಈ ಪತ್ರ ಬರೆದಿರುವುದಿಲ್ಲ. ನಾಲ್ಕು ಹಾಳೆಗಳನ್ನು ಇನ್ನಾವುದೋ ಜಗಳಕ್ಕೆ ಖರ್ಚು ಮಾಡಿರುತ್ತೇನೆ. ಮಾರ್ಥವ್ವ ಯಾವುದೋ ಸಾಧಾರಣ ಮಂಗಳವಾರ, ಬೇಸರ ಕಳೆಯಲು ಕಣಜಕ್ಕೆ ಹೋಗಿ, ತನ್ನ ಮುತ್ತಜ್ಜಿಯನ್ನು ಕಣ್ತುಂಬ ನೋಡಿರುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತು. ಅತ್ತಿರಲಾರಳು. ಅರ್ಧಕ್ಕೇ ಎದ್ದು, ಇಷ್ಟ್ಯಾಕ ಚೀರತಾಳ ಈಕಿ, ಸೀರಿ ಬ್ಯಾರೆ ಚಂದಿಲ್ಲ ಎಂದು ನನ್ನ ಮುಂದೆ ಮೂಗು ಮುರಿದು, ಮನೆಗೆ ಹೋಗಿ ರೊಟ್ಟಿ ಬಡಿದಿರುತ್ತಾಳೆ. ಇನ್ನೊಂದು ಸಲ ನೋಡುವ ಮನಸ್ಸೂ ಅವಳಿಗೆ ಬಂದಿರದೆ ಹೋಗಬಹುದು.

ನನಗೆ ಬೇಕಾದದ್ದು ಅಷ್ಟೇ. ಬರುತ್ತೇನೆ.

ಚನ್ನಮಲ್ಲಪ್ಪ ಕಣವಿಹಳ್ಳಿ
ನೇಕಾರ ಓಣಿ, ಬೆಟಗೇರಿ